ಇಸ್ತ್ರಿ ಅಂಗಡಿಯಲ್ಲಿ ಊಟ

ತಿಂಗಳ ಮೂರನೆಯ ಗುರುವಾರ ನಮ್ಮ ಚೀಟಿಯವರ ಊಟ.
ಹೋಟೆಲು ಆರಿಸುವ ಸರದಿ ಈ ಸಲ ಹ್ಯೆರಾನಳದು.
ಸೋಮವಾರದಿಂದಲೇ ಫೋನು ಗುಂಯ್‌ಗುಂಯ್:
ಇದು ಬೇಡ, ನಾಲ್ಕೂವರೆ ನಕ್ಷತ್ರಕ್ಕೂ ಕಡಿಮೆ.
ಅದು ಬೇಡ, ನೆಲದ ಮೇಲೆ ಕೂರಬೇಕು,
ಇನ್ಹೀ ಮಂಡಿಗೆ ಹೋದ ವರ್ಷವಷ್ಟೇ ಉಕ್ಕು ಹಾಕಿಸಿದ್ದು.
ಇನ್ನೊಂದರಲ್ಲಿ ಬೆನ್ನಿಲ್ಲದ ಸ್ಟೂಲು.
ಮತ್ತೊಂದರ ಮೆನುವಿನಲ್ಲಿ ಹುಡುಕಿದರೂ
ನಮ್ಮ ಭಾಷೆಯ ಒಂದಕ್ಷರವಿಲ್ಲ.
'ಸೋಲ್‌ಗೇ ಹೋಗಿಬಿಡೋಣವೇ?' ಅಂದಳು ಗಪ್ಸುನ್.
'ಯಾಕೆ, ನಮ್ಮ ಬುಚ್ಯೊನ್‌ಗೆ ಬರ ಬಂದಿದೆಯೇ?'
ಅಂತ ಹ್ಯೆರಾನ್ ಸಿಟ್ಟಾಗಿ ಒಂದು ಚಿತ್ರ ಕಳಿಸಿದಳು.

ಸವೆದ ನೀಲಿ ಬೋರ್ಡು,
ಅದರ ಕೆಳಗೆ ಕೊಡೆ ಹಿಡಿದ ಹುಡುಗಿಯರ ಸಾಲು.
'ಬೆಳ್ಳಿಹೊಳೆ ಲಾಂಡ್ರಿ! ಹೆಸರಷ್ಟೇ ಲಾಂಡ್ರಿ,
ಒಳಗೆ ಪಾಸ್ತಾ. ಈಗ ಎಲ್ಲರಿಗೂ ಇದೇ ಹುಚ್ಚು.'

ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದೆ.
ಬೋರ್ಡಿನ ಮೂಲೆಯಲ್ಲಿ ಫೋನ್ ನಂಬರಿನ ಕೊನೆಯ ಏಳು
ಈಗಲೂ ಓರೆಯಾಗಿಯೇ ನಿಂತಿದೆ.
ಬರೆದವನು ಅವತ್ತು ಕುಡಿದಿದ್ದ. ನನ್ನ ಗಂಡ
ಆ ಏಳಕ್ಕೆ ಅಂತಲೇ ಐದು ಸಾವಿರ ವನ್ ಮುರಿದುಕೊಂಡಿದ್ದ.
ಈ ಮೂವರು ನನಗೆ ಸಿಕ್ಕಿದ್ದು ಆಮೇಲೆ, ಈಜುಕೊಳದಲ್ಲಿ.
ಅಲ್ಲಿ ಯಾರ ಮೈಮೇಲೂ ಇಸ್ತ್ರಿಯ ಮಾತಿಲ್ಲ.
ಹೆಬ್ಬೆರಳಿನ ಚಿತ್ರ ಒತ್ತಿದೆ: ಆಗಲಿ.

ಬಾಗಿಲಲ್ಲಿ ಒಂದು ಯಂತ್ರ. ನಂಬರು ಒತ್ತಿ ಹೆಸರು ಬರೆಸಿ,
ಮೂವತ್ತೇಳನೆಯವಳಾಗಿ ನಿಂತೆ
ಹತ್ತೊಂಬತ್ತು ವರ್ಷ ಷಟರ್ ಎತ್ತಿದ ಬಾಗಿಲಿನ ಮುಂದೆ.
ನಮ್ಮ ಕಾಲದಲ್ಲಿ ಇಷ್ಟು ಹೊತ್ತು ಕಾದವನು ಒಬ್ಬನೇ,
ಮದುವೆಯ ಸೂಟಿಗಾಗಿ, ಚಡ್ಡಿಯಲ್ಲಿ.

ಒಳಗೆ ಹ್ಯಾಂಗರಿನ ಕಂಬಿ ಹಾಗೇ ಇದೆ,
ಕೋಟುಗಳ ಬದಲು ದೀಪಗಳು ನೇತಾಡುತ್ತವೆ.
ನೆಲದ ಇಳಿಜಾರು ಮುಚ್ಚಿಲ್ಲ.
ಇನ್ಹೀ ಬೀಳಿಸಿದ ಫೋರ್ಕು ಉರುಳಿ
ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು.
ಬಗ್ಗದೆಯೇ ಹೇಳಿದೆ: 'ಬಲಗಡೆ, ಕಂಬದ ಹಿಂದೆ.'

ಏಪ್ರನ್ ಕಟ್ಟಿದ ಹುಡುಗ ನೀರು ಸುರಿಯುತ್ತ ಕಥೆ ಶುರುಮಾಡಿದ,
ಬಾಯಿಪಾಠ ಒಪ್ಪಿಸುವವನ ಹಾಗೆ:
'ಐವತ್ತು ವರ್ಷ ಒಬ್ಬ ಅಜ್ಜ ಇಲ್ಲಿ
ಒಂಟಿಯಾಗಿ ಬಟ್ಟೆ ತೇಯುತ್ತಿದ್ದರಂತೆ.
ಅವರ ಶ್ರದ್ಧೆಯೇ ನಮ್ಮ ಸಾಸಿಗೆ ಸ್ಫೂರ್ತಿ.'
'ಅಯ್ಯೋ ಪಾಪ' ಅಂದಳು ಗಪ್ಸುನ್, ಕಣ್ಣು ತುಂಬಿ.
ನಾನು ಉಪ್ಪಿನಕಾಯಿಯ ಬಟ್ಟಲು ಹತ್ತಿರ ಎಳೆದುಕೊಂಡೆ.
ಅವನು ಸ್ಕೂಟರಿನಲ್ಲಿ ಬಟ್ಟೆ ಹಂಚುತ್ತಿದ್ದ.
ತೇದವಳು ನಾನು.
ಅಜ್ಜ ಅನ್ನಿಸಿಕೊಳ್ಳುವಷ್ಟು ವಯಸ್ಸು
ಅವನಿಗೆ ಆಗಲೇ ಇಲ್ಲ.

ಒಂದು ತಟ್ಟೆಗೆ ಇಪ್ಪತ್ತೊಂದು ಸಾವಿರ,
ಅಂದರೆ ಆಗಿನ ಇಪ್ಪತ್ತೊಂದು ಅಂಗಿ, ಕಾಲರು ಸೇರಿ.
ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.
ಚಿಪ್ಪಿನೊಳಗೆ ಉಳಿದ ಸಾರನ್ನೂ ಹೀರಿದೆ,
ಹ್ಯೆರಾನ್ ಮೊಣಕೈಯಿಂದ ತಿವಿದರೂ.

'ಎಷ್ಟು ನಕ್ಷತ್ರ ಕೊಡಲಿ?' ಫೋನು ಹಿಡಿದು ಕೇಳಿದಳು.
'ಐದು ಕೊಡು,' ಅಂದೆ.
'ಕರವಸ್ತ್ರಕ್ಕೆ ಮಾತ್ರ ಅರ್ಧ ಕಳೆ.
ಒದ್ದೆ ಇರುವಾಗಲೇ ಅಂಚು ಒತ್ತಿದ್ದಾರೆ, ನೋಡು, ಸೊಟ್ಟಗಾಗಿದೆ.'
ಅಂಗೈಯಿಂದ ಅದನ್ನು ತೀಡಿ, ನಾಲ್ಕಾಗಿ ಮಡಿಸಿ
ತಟ್ಟೆಯ ಪಕ್ಕ ಇಟ್ಟೆ.
ಮೂವರೂ ನಕ್ಕರು.

ಮುಂದಿನ ತಿಂಗಳು ಗಪ್ಸುನಳ ಸರದಿ.
ಸ್ಟೇಷನ್ನಿನ ಹಿಂದೆ ಹಳೆಯ ಸ್ನಾನದ ಮನೆಯೊಂದು
ಈಗ ಮಾಂಸ ಸುಡುವ ಹೋಟೆಲಂತೆ,
ಬಿಸಿನೀರಿನ ತೊಟ್ಟಿಯೊಳಗೇ ಮೇಜು ಹಾಕಿದ್ದಾರಂತೆ.
ಇನ್ಹೀ ಆ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ
ಬಹಳ ಹೊತ್ತು ನೋಡಿದಳು.
'ಏನೇ?' ಅಂದೆ.
'ಏನಿಲ್ಲ,' ಅಂದಳು. 'ಪಾರ್ಕಿಂಗ್ ಇದೆಯಂತೆ.'