ಗಾಳಿಗೆ ಒಂದು, ನೀರಿಗೆ ಎಂಬತ್ತು

ರಾತ್ರಿ ಹತ್ತೂವರೆ. ಲ್ಯಾಬಿನಲ್ಲಿ ನಾನು, ಒಂದು ಫ್ಯಾನು,
ಪರದೆಯ ಮೇಲೆ ಬೀಳದೆ ನಿಂತ ಒಂದು ಹನಿ.

ಇಪ್ಪತ್ತು ಮೈಕ್ರಾನ್ ಅಗಲ. ನನ್ನ ಕೂದಲೇ ಅದಕ್ಕೆ ಹೆಮ್ಮರ.
ಎಡಕ್ಕೊಂದು ತಾಮ್ರದ ತಗಡು, ಬಲಕ್ಕೊಂದು,
ನಡುವೆ ಅದು ಹಾದುಹೋಗಬೇಕು, ಯಾವುದನ್ನೂ ಸೋಕದೆ.
ಸೋಕದೆಯೇ ತಗಡುಗಳಿಗೆ ತಿಳಿಯಬೇಕು
ಹೋದದ್ದು ಎಷ್ಟು ನೀರು ಎಂದು.

ಗಾಳಿಗೆ ಒಂದು, ನೀರಿಗೆ ಎಂಬತ್ತು;
ಆ ವ್ಯತ್ಯಾಸವೇ ನಮ್ಮ ಬಂಡವಾಳ ಎನ್ನುತ್ತಾರೆ ಗೈಡು.
ಹನಿ ಬಂದಾಗ ದಶಾಂಶದ ಆಚೆ
ಹದಿನೇಳನೆಯ ಮನೆಯಲ್ಲಿ
ಒಂದು ಅಂಕಿ ಮಗ್ಗುಲು ಬದಲಿಸುತ್ತದೆ.
ಅದನ್ನು ಹಿಡಿಯಬೇಕು.

ಬಯಲಿಗೆಲ್ಲ ತ್ರಿಕೋನಗಳ ಬಲೆ ಹೆಣೆದೆ,
ಹತ್ತಿರಕ್ಕೆ ಸಣ್ಣ ಕಣ್ಣು, ದೂರಕ್ಕೆ ದೊಡ್ಡ ಕಣ್ಣು.
ಸೂಳೆಕೆರೆಯ ಮೀನುಗಾರರು ನಕ್ಕಾರು,
ಇಷ್ಟು ಬಲೆ ಒಂದೇ ಹನಿಗಾ ಎಂದು.
ನಾಲ್ಕು ದಿನದಿಂದ ಉತ್ತರ ನೆಲೆ ನಿಲ್ಲುತ್ತಿಲ್ಲ.
ಹನಿಯ ಅಂಚಿಗೆ ಬಂದೊಡನೆ ಲೆಕ್ಕ ಹುಚ್ಚು ಹಿಡಿದು ಹಾರುತ್ತದೆ.
ಮೊನ್ನೆ ಶೇಕಡಾ ತೊಂಬತ್ತೊಂದರಲ್ಲಿ ಕರೆಂಟು ಹೋಯಿತು.
ಕತ್ತಲಲ್ಲಿ ಕೂತು ನಕ್ಕೆ. ಇನ್ನೇನು ಮಾಡಲಿ.

ನಿಟುವಳ್ಳಿಯ ಮನೆಯಲ್ಲಿ ಅಜ್ಜ ಮೈಲಪ್ಪ ಎದ್ದೇ ಇದ್ದ.
"ಏನ್ ಮಾಡ್ತಿ ಚಂದ್ರಿ ಇಷ್ಟೊತ್ತನಕ?"
"ನೀರಿನ ಹನಿ ಅಜ್ಜ. ಮುಟ್ಟದಂಗ ಅಳಿಯೋದು."
ಬೀಡಿ ತುಟಿಯಲ್ಲೇ ಉಳಿಯಿತು.
"ಮುಟ್ಟದಂಗ ಅಳಿಯೋದಾ?
ಅದನ್ನ ಕಾಲೇಜಿನಾಗೂ ಕಲಿಸ್ತಾರೇನು?"

ಅವನ ಊರ ಹೋಟೆಲಿನಲ್ಲಿ
ಮೇಲಿಂದ ಹೊಯ್ಯುತ್ತಿದ್ದರಂತೆ, ಬೊಗಸೆಗೆ.
ತಂಬಿಗೆಗೂ ಕೈಗೂ ನಡುವೆ ಮೊಳದಷ್ಟು ಬಯಲು.
ಒಂದು ಹನಿ ಹೆಚ್ಚಾಗದಂತೆ,
ಒಂದು ಹನಿ ಹಿಂದಕ್ಕೆ ಸಿಡಿಯದಂತೆ.
"ಕಣ್ಣಳತಿ ಅಂದ್ರ ಅವರದು," ಎಂದ.
ದನಿಯಲ್ಲಿ ಕಹಿ ಇರಲಿಲ್ಲ. ಇತ್ತೇನೋ.
ಕಂಡದ್ದು ಬೀಡಿಯ ಕೆಂಪು ಮಾತ್ರ.

ಆಮೇಲೆ ತಾನಾಗಿಯೇ ಮಿಲ್ಲಿನ ಮಾತು ತೆಗೆದ.
ನೂಲುವ ಖಾತೆಯಲ್ಲಿ ಗಾಳಿ ಒಣಗಿದರೆ ಎಳೆ ಹರಿಯುತ್ತದೆ,
ಅದಕ್ಕೇ ಸೂರಿನುದ್ದಕ್ಕೂ ಹಿತ್ತಾಳೆಯ ಮೂತಿಗಳು
ಹಗಲೂ ರಾತ್ರಿ ಮಂಜು ಉಗುಳುತ್ತಿದ್ದವು.
ಏಣಿ ಹತ್ತಿ, ಸೂಜಿ ಹಾಕಿ,
ಅವುಗಳ ಗಂಟಲು ಬಿಡಿಸುವುದು ಅಜ್ಜನ ಕೆಲಸ.
ಹನಿ ದಪ್ಪಾದರೆ ನೂಲಿಗೆ ಕಲೆ.
ತೀರ ಸಣ್ಣದಾದರೆ ಎಳೆ ತಲುಪುವ ಮೊದಲೇ ಆವಿ.
"ಹೆಂಗ ತಿಳಿತಿತ್ತು, ಸರಿಯಾಗೈತಿ ಅಂತ?"
ಮುಂಗೈ ಚಾಚಿದ. ನರೆತ ರೋಮ.
"ಇದರ ಮ್ಯಾಲೆ ಕುಂದ್ರಬೇಕು. ಜಾರಬಾರದು."

ಕುಡಿಯುವ ನೀರಿನ ಹಂಡೆಗೆ ಅಲ್ಲಿಯೂ ಎರಡು ಲೋಟ.
ಮಂಜಿಗೆ ಲೋಟವಿರಲಿಲ್ಲ.
ಮೇಸ್ತ್ರಿಯ ಮೀಸೆ, ಗುಮಾಸ್ತರ ವಿಭೂತಿ, ಅಜ್ಜನ ಹರಕು ಬನಿಯನ್,
ಪಾಳಿ ಮುಗಿವ ಹೊತ್ತಿಗೆ ಎಲ್ಲವೂ ಒಂದೇ ಒದ್ದೆ.
"ಅಳತಿ ಇಲ್ಲದ ನೀರು ನಾ ಕಂಡಿದ್ದು ಅದೊಂದ ನೋಡವ್ವ,"
ಎಂದು ಗೋಡೆ ಕಡೆ ತಿರುಗಿ ಮಲಗಿದ.

ಇವತ್ತು ಹನಿಯ ಸುತ್ತಲಿನ ಗೆರೆ ಅಳಿಸಿದೆ.
ಅಲ್ಲಿ ಒಂದು ತೆಳು ಪದರ ಇಟ್ಟೆ:
ಪೂರಾ ನೀರಲ್ಲ, ಪೂರಾ ಗಾಳಿಯೂ ಅಲ್ಲ,
ಒಂದರಿಂದ ಎಂಬತ್ತಕ್ಕೆ ಮೆಲ್ಲಗೆ ಏರುವ ದಾರಿ.
ಹನ್ನೊಂದೂ ಹತ್ತಕ್ಕೆ ಉತ್ತರ ನೆಲೆ ನಿಂತಿತು.
ನಾಲ್ಕು ಪಿಕೋಲೀಟರ್, ಚಿಲ್ಲರೆ.
ಕೂಗಿ ಹೇಳೋಣವೆಂದರೆ ವಾಚ್‌ಮನ್ ಕೂಡ ನಿದ್ದೆಯಲ್ಲಿದ್ದ.

ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆದೆ.
ಮುಂಗೈ ರೋಮದ ಮೇಲೆ ಒಂದು ಹನಿ ಬಂದು ಕೂತಿತು,
ಕೂತು, ಜಾರಿತು.
ದಪ್ಪ ಆಯಿತು.
ಅಜ್ಜನಾಗಿದ್ದರೆ ಏಣಿ ತರುತ್ತಿದ್ದ.