ದಾಟುವುದು ಎಂದರೆ

ಸಿಡ್ನಿಯಲ್ಲಿ ಪೇಟೆ ತೆರೆಯುವುದು ಹತ್ತಕ್ಕೆ.
ಬನ್‌ಬರಿಯಲ್ಲಿ ಆಗ ಎಂಟು ಗಂಟೆ,
ನನ್ನ ಕಿತ್ತಳೆ ಬಸ್ಸಿನಲ್ಲಿ ಮೂವತ್ತೊಂದು ಮಕ್ಕಳು,
ಯಾರೋ ಒಬ್ಬನ ಮೂಗಿನಲ್ಲಿ ರಕ್ತ.
ಆ ಹೊತ್ತಿನಲ್ಲಿ ಷೇರು ಕೊಳ್ಳಲು, ಮಾರಲು
ನನಗೆ ಮೂರನೆಯ ಕೈ ಇಲ್ಲ.

ಅದಕ್ಕೇ ಸಾಫ್ಟ್‌ವೇರು ಹುಡುಕುತ್ತಿದ್ದೆ
ಊಟದ ಮೇಜಿನ ಮೇಲೆ, ಮಾರ್ಚಿನಿಂದ.
ಕೋಡು ಬರೆಯಲು ಬಾರದು. ಕೋಡು ಎಂದರೆ ನನಗೆ
ಎತ್ತಿನ ತಲೆಯ ಮೇಲಿರುವುದು, ಬಾಗಿದ್ದು, ಇರಿಯುವುದು.

ಮೊದಲನೆಯದು ಖಾಲಿ ಪರದೆ ತೋರಿಸಿ
ಕರ್ಸರ್ ಮಿಟುಕಿಸುತ್ತ ಕೂತಿತು,
ಹೆಣ್ಣು ನೋಡಲು ಬಂದವರು
ಒಂದು ಹಾಡು ಹೇಳಮ್ಮಾ ಎಂದು ಕಾಯುವಂತೆ.
ಇನ್ನೊಂದಕ್ಕೆ ನಾನು ಏನೂ ತಿಳಿದಿರಬೇಕಿಲ್ಲವಂತೆ.
ಫೋನಿನಲ್ಲಿ ಡೆಕ್ಲನ್ ಎಂಬ ಹುಡುಗ
"ಒಳಗೇನಿದೆ ಅಂತ ಕೇಳಬೇಡಿ,
ಅದೇ ಎಲ್ಲ ನೋಡಿಕೊಳ್ಳುತ್ತೆ" ಎಂದ.

ನನ್ನ ಸೋದರಮಾವ ದನದ ಸಂತೆಯಲ್ಲಿ ದಲ್ಲಾಳಿ.
ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ.
ಮುಚ್ಚಿದ್ದು ಬೆಲೆ ಮಾತ್ರ. ಎತ್ತಿನ ಹಲ್ಲನ್ನು
ಯಾರು ಬೇಕಾದರೂ ತುಟಿ ಎತ್ತಿ ಎಣಿಸಬಹುದಿತ್ತು.
ಫೋನಿಟ್ಟೆ.

ಆಮೇಲೆ ಸಿಕ್ಕಿದ್ದು ಬಣ್ಣದ ಇಟ್ಟಿಗೆಗಳದ್ದು. ಎಳೆ, ಜೋಡಿಸು, ಬಿಡು.
ಇಪ್ಪತ್ತು ದಿನದ ಸರಾಸರಿಯ ಗೆರೆ
ಐವತ್ತರ ಗೆರೆಯನ್ನು ದಾಟಿದರೆ, ಕೊಳ್ಳು.
ಅಷ್ಟೇ ನನ್ನ ವಿದ್ಯೆ,
ರೂಟ್ ಶೀಟಿನ ಬೆನ್ನಿಗೆ ಕನ್ನಡದಲ್ಲಿ ಬರೆದಿಟ್ಟದ್ದು.
ಅದು ಕೇಳಿತು: ದಾಟುವುದು ಎಂದರೇನು?
ಇಂದು ಮೇಲಿದ್ದರೆ ಸಾಕೇ, ನಿನ್ನೆ ಕೆಳಗಿರಲೇಬೇಕೇ?
ಮುಟ್ಟಿ ಹಿಂದೆ ಸರಿದರೆ?
ನಡುಹಗಲಿನಲ್ಲೋ, ಪೇಟೆ ಮುಚ್ಚಿದ ಮೇಲೋ?

ಹದಿನಾಲ್ಕು ವರ್ಷ ಗಾಜಿನ ಆಚೆ ಇದನ್ನೇ ನೋಡಿದ್ದೇನೆ.
ಬಲಕ್ಕೆ ನೋಡು, ಎಡಕ್ಕೆ, ಮತ್ತೆ ಬಲಕ್ಕೆ.
ಒಂದು ಕಾಲು ಇಳಿಸಿ, ಹಾರಿದ ಟೋಪಿಗೆಂದು ತಿರುಗಿದವಳು
ದಾಟಿಲ್ಲ.
ಎರಡೂ ಬೂಟು ಆಚೆಯ ಹುಲ್ಲಿನ ಮೇಲೆ ಬಿದ್ದ ನಂತರವೇ
ನಾನು ಬ್ರೇಕಿನಿಂದ ಕಾಲು ತೆಗೆಯುವುದು.
ಇಟ್ಟಿಗೆಗೂ ಅದನ್ನೇ ಹೇಳಿದೆ. ಒಪ್ಪಿತು.
ಹಳೆಯ ಹತ್ತು ವರ್ಷದ ಮೇಲೆ ಓಡಿಸಿ ನೋಡಿದರೆ
ಹತ್ತು ಸಾವಿರ ಡಾಲರು ನಲವತ್ತೊಂದಾಗಿತ್ತು.
ಚಹಾ ಚೆಲ್ಲಿತು.

ಪಕ್ಕದ ಮನೆಯ ಕೆರಿ ಟ್ರಾಂಟರ್
ಬಂದರಿನಲ್ಲಿ ಕ್ರೇನ್ ನಡೆಸಿದವನು,
ಇಂದಿಗೂ ಗ್ರಾಫ್ ಹಾಳೆ, ಪೆನ್ಸಿಲು.
ಕನ್ನಡಕ ಹಣೆಗೇರಿಸಿ ಪರದೆ ನೋಡಿದ, ನೋಡಿದ,
"ಮ್ಯಾಲಿ ಕ್ರೀಕ್ ನಿಕ್ಕಲ್ ಎಲ್ಲಿ?" ಎಂದ.
ಹುಡುಕಿದೆವು. ಇಲ್ಲ.
"ನನ್ನ ದೋಣಿ ಹೋದದ್ದು ಅದರಲ್ಲಿ.
ಮುಳುಗಿದವರ ಹೆಸರೇ ಇಟ್ಟಿಲ್ಲ ಇವರು.
ಬದುಕಿ ಬಂದವರನ್ನಷ್ಟೇ ಕೇಳಿದರೆ
ಕಡಲು ಒಳ್ಳೆಯದು ಅಂತಲೇ ಹೇಳುತ್ತಾರೆ."

ನನ್ನ ಹಾಜರಿ ಪಟ್ಟಿಯಲ್ಲಿ
ಊರು ಬಿಟ್ಟ ಮಕ್ಕಳಿಗೂ ಒಂದು ಸಾಲಿದೆ.
ಮೇಲೊಂದು ಗೀಟು. ಹೆಸರು ಓದಲು ಬರುತ್ತದೆ.

ಅಂದಿನಿಂದ ಮಾರುವವರಿಗೆಲ್ಲ ನನ್ನದು ಒಂದೇ ಪ್ರಶ್ನೆ:
ಮ್ಯಾಲಿ ಕ್ರೀಕ್ ನಿಕ್ಕಲ್ ನಿಮ್ಮಲ್ಲಿದೆಯೇ?
ಒಬ್ಬ ನಕ್ಕ. ಒಬ್ಬ ರಿಯಾಯಿತಿ ಕೊಟ್ಟ.
ಅಡಿಲೇಡಿನ ಒಬ್ಬಳು ಮಾತ್ರ ಕೀಲಿ ಒತ್ತುವ ಸದ್ದು ಕೇಳಿಸಿ,
"ಇದೆ," ಎಂದಳು, "ಕೊನೆಯ ದಿನ ಮುಕ್ಕಾಲು ಸೆಂಟು."

ಅದು ನೋಡಲು ಚೆನ್ನಾಗಿಲ್ಲ. ಬೂದು ಬಣ್ಣ, ಸಣ್ಣಕ್ಷರ,
ಪಟ್ಟಿಯಿಂದ ಹೆಕ್ಕಿ ವಾಕ್ಯ ಕಟ್ಟಬೇಕು.
ಅದರಲ್ಲಿ ನನ್ನ ನಲವತ್ತೊಂದು ಸಾವಿರ
ಹನ್ನೆರಡಾಯಿತು, ನಡುವೆ ಒಮ್ಮೆ ಐದಕ್ಕೂ ಇಳಿದು.
ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುವಂತಿಲ್ಲ ಇನ್ನು.
ನೆಲ ನೆಟ್ಟಗಿದೆ.
ಕಾರ್ಡಿನ ನಂಬರು ಕೊಟ್ಟೆ.

ಇವತ್ತು ಸೋಮವಾರ, ಜೂನ್, ಎಂಟು ದಾಟಿ ಎರಡು ನಿಮಿಷ.
ಚೀಲದೊಳಗೆ ಫೋನು ಒಮ್ಮೆ ನಡುಗಿ ಸುಮ್ಮನಾಯಿತು.
ಕೊಂಡಿತೋ, ಬರೀ ಬ್ಯಾಂಕಿನ ಜಾಹೀರಾತೋ.
ಎದುರು ಬದಿಯಲ್ಲಿ ಟಿಲ್ಲಿ, ಒಂದು ಬೂಟು ಟಾರಿನ ಮೇಲೆ,
ಬಿದ್ದ ಊಟದ ಡಬ್ಬಿಗೆ ಬಗ್ಗುತ್ತಿದ್ದಾಳೆ.
ಹಿಂದೆ ಯಾರೋ ಹಾರ್ನ್ ಹೊಡೆಯುತ್ತಾರೆ.
ಹೊಡೆಯಲಿ.