ತೂಕ ನೋಡಿದ ಮೇಲೆ

ಇಬ್ಬರದೂ ಅರವತ್ತೊಂದು ಕಿಲೋ,
ವ್ಯತ್ಯಾಸ ಒಂದು ಬಂಗುಡೆಯಷ್ಟು.
ಬಂದರಿನ ಐಸ್ ಪ್ಲಾಂಟಿನ ಮಹಡಿಯಲ್ಲಿ
ಇಬ್ಬರಿಗೂ ಪಾಠ ಹೇಳಿದವನು ನಾನೇ.
ನಾಳೆ ಯಾರ ಮೂಲೆಯಲ್ಲೂ ಕೂರುವುದಿಲ್ಲ.

ಕೇಳಿದಿರಿ ಅಂತ ಹೇಳುತ್ತೇನೆ.

ಸಫ್ವಾನ್ ಹೊಡೆಯುವವನು.
ಸ್ಟೇಟ್‌ಬ್ಯಾಂಕ್–ತಲಪಾಡಿ ಬಸ್ಸಿನ ಕಂಡಕ್ಟರ್.
ಎಡಗೈ ತಗಡಿಗೆ ಬಡಿದನೆಂದರೆ
ಮೂರು ಸ್ಟಾಪಿನಾಚೆ ಮುದುಕಿಯರು ಚೀಲ ಎತ್ತಿಕೊಳ್ಳುತ್ತಾರೆ.
ಆದರೆ ನನಗೆ ಭಯ ಅವನ ಕೈಯದಲ್ಲ, ಕಾಲಿನದು:
ತೊಕ್ಕೊಟ್ಟಿನ ತಿರುವಲ್ಲಿ ಏನೂ ಹಿಡಿಯದೆ
ಚಿಲ್ಲರೆ ಎಣಿಸುತ್ತ ನಿಲ್ಲುವ ಕಾಲು.
ಅದನ್ನು ಕೆಡವುವುದು ಹೇಗೆ?

ಯತಿನ್ ಕೆಡವುವುದಿಲ್ಲ, ಕಾಯುತ್ತಾನೆ.
ಬೆಂಗ್ರೆಯಲ್ಲಿ ಅಜ್ಜನ ಜತೆ ಕೈರಂಪಣಿ ಎಳೆದವನು;
ಹಗ್ಗ ಸೊಂಟಕ್ಕೆ, ಹಿಮ್ಮಡಿ ಮರಳಿಗೆ.
ಕಡಲು ಎಳೆಯುವಾಗ ಎಳೆಯಬೇಡ, ಸುಮ್ಮನೆ ತಡೆ,
ಅದು ಉಸಿರು ಬಿಟ್ಟಾಗ ಒಂದು ಗೇಣು ಕದಿ.
ಇದು ನಾನು ಕಲಿಸಿದ್ದಲ್ಲ.
ಎರಡು ಏಟು ತಿಂದು ಮೂರನೆಯದರೊಳಗೆ ನುಗ್ಗುತ್ತಾನೆ.
ಸೊಂಟ ಸಿಕ್ಕಿತೋ, ಬಲೆ ದಡಕ್ಕೆ ಬಂದ ಹಾಗೆ.

ಮೊದಲ ಸುತ್ತು ಸಫ್ವಾನನದು, ಬರೆದುಕೊಳ್ಳಿ.
ಎರಡನೆಯದರಲ್ಲಿ ಬೆವರು. ಜಾರುವ ಮೈ ಯಾರ ಪರ?
ಮೀನು ಹಿಡಿದವನನ್ನೇ ಕೇಳಬೇಕು.
ಮೂರನೆಯದು,
ನೋಡಿ, ನನ್ನ ಚಾ ತಣ್ಣಗಾಯಿತು.

ಸಂಜೆ ತೂಕ ಮುಗಿದದ್ದೇ
ಒಂದೇ ಪಾತ್ರೆಯ ಗಂಜಿಗೆ ಇಬ್ಬರೂ ಕೂತರು.
ಮಾತಿಲ್ಲ. ಉಪ್ಪಿನಕಾಯಿಯನ್ನು ಮಾತ್ರ
ಇವನ ಕಡೆ ಅವನು ಸರಿಸಿದ.
ಅವನ ಬೆರಳುಗಳನ್ನೇ ನೋಡುತ್ತಿದ್ದೆ ನಾನು:
ದಿನಕ್ಕೆ ಇನ್ನೂರು ಸಲ ತಗಡು ತಟ್ಟಿ
ಬೇರೆಯವರಿಗಾಗಿ ಬಸ್ಸು ನಿಲ್ಲಿಸಿದ ಕೈ,
ಕತ್ತು ಬಲೆಗೆ ಬಿದ್ದ ಗಳಿಗೆ
ತನಗಾಗಿ ಒಮ್ಮೆ ನೆಲ ತಟ್ಟುತ್ತದೋ ಇಲ್ಲವೋ.